ಹೆಸರು ಆಮೇಲೆ, ಮೊದಲು ಬಾಗಿಲು

ಕೇಳುಗರಿಗೆಲ್ಲ ನಮಸ್ಕಾರ.

ಕಾರು ಗುರುತಿಸುವ ಹುಚ್ಚಿನ ಬಗ್ಗೆ ಇವತ್ತು ಮಾತಾಡಬೇಕು. ಕಣ್ಣಿನ ಚಟವನ್ನು ರೇಡಿಯೋದಲ್ಲಿ ಹೇಳುವುದು ಎಂಥದು ಅಂತ ನಗಬೇಡಿ. ನನಗೆ ಇದು ಹತ್ತಿದ್ದೇ ಕಿವಿಯಿಂದ. ಮಂಗಳೂರಿನ ಕದ್ರಿ ಕಂಬಳದ ಏರಿನಲ್ಲಿ ನಮ್ಮ ಮನೆ. ಏರು ಹತ್ತುವ ಗಾಡಿ ಯಾವುದೆಂದು ಚಾವಡಿಯಲ್ಲಿ ಕೂತೇ ಪಂಥ ಕಟ್ಟುತ್ತಿದ್ದೆವು. ಮಾರುತಿ 800 ಸುಲಭ. 796 ಸಿಸಿ, ಮೂರೇ ಸಿಲಿಂಡರು, ನಿಂತಲ್ಲೇ ಸಣ್ಣಗೆ ನಡುಗುವ ಸದ್ದು. ಡೀಸೆಲ್ ಅಂಬಾಸಿಡರ್ ಆದರೆ ಗೇರು ಬದಲಿಸುವ ಮೊದಲೇ ಓಣಿಗೆಲ್ಲ ಗೊತ್ತು.

ಕಣ್ಣು ಪಳಗಿದ್ದು ತಡವಾಗಿ, ಅದೂ ಮರ್ಯಾದೆ ಹೋದ ಮೇಲೆ. ಬೆಂದೂರಿನ ಹಳೆಯ ಹೆಂಚಿನ ಮನೆಯೊಂದರ ಪೋರ್ಟಿಕೋದಲ್ಲಿ ಬೂದು ಬಣ್ಣದ ಕಾರೊಂದು ನಿಂತಿತ್ತು. ಗೇಟಿನಾಚೆಯಿಂದಲೇ, "ಪೊರ್ಬುಗಳೇ, ಅಂಬಾಸಿಡರ್ ಚಂದ ಇಟ್ಟಿದ್ದೀರಿ" ಅಂದೆ. ಪೊರ್ಬು ಅಂದರೆ ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ಎಂಬತ್ತು ದಾಟಿದವರು. ಪೇಪರಿನಿಂದ ತಲೆ ಎತ್ತದೆ, "ಹಿಂದೆ ಹೋಗಿ ನೋಡು ಮಾರಾಯ" ಅಂದರು. ಹೋಗಿ ನೋಡಿದೆ. ಬೆನ್ನು ಗುಂಡಗೆ, ನುಣ್ಣಗೆ ಇಳಿದಿತ್ತು. ಅದು ಅಂಬಾಸಿಡರಿನ ಅಣ್ಣ, ಲ್ಯಾಂಡ್‌ಮಾಸ್ಟರ್.

ಎರಡೂ ಹಿಂದುಸ್ತಾನ್ ಮೋಟರ್ಸಿನವು, ಎರಡಕ್ಕೂ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಲ್ಯಾಂಡ್‌ಮಾಸ್ಟರ್ ಅದರ ಎರಡನೇ ಸೀರೀಸಿನದು, 1957ರಲ್ಲಿ ಬಂದ ಅಂಬಾಸಿಡರ್ ಮೂರನೆಯದರದು. ಮೂರನೆಯದಕ್ಕೆ ಹಿಂದೆ ಎರಡೂ ಬದಿ ಬಂಗುಡೆ ಮೀನಿನ ರೆಕ್ಕೆಯಷ್ಟು ಸಣ್ಣ ಏರು, ಬಾನೆಟ್ ಮೇಲೆ ಗೀರುತಗ್ಗುಗಳು. ಸಣ್ಣ ವ್ಯತ್ಯಾಸವೇ. ಆದರೆ ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ.

ಅಂದಿನಿಂದ ನಾನು ಮೊದಲು ಹೆಸರು ಓದುವುದನ್ನು ಬಿಟ್ಟೆ. ಹೆಸರಿನ ಫಲಕ ಎರಡು ಸ್ಕ್ರೂವಿನ ಮಾತು, ಯಾರು ಬೇಕಾದರೂ ಅಂಟಿಸಬಹುದು. ಬಾಗಿಲನ್ನು ಹಾಗೆ ಬದಲಿಸಲಿಕ್ಕೆ ಆಗುತ್ತದಾ? ಹಳೆಯ ಫಿಯೆಟ್ 1100 ಮತ್ತು ಪ್ರೀಮಿಯರ್ ಪದ್ಮಿನಿ ದೂರದಿಂದ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಆದರೆ ಮೊದಮೊದಲ ಫಿಯೆಟ್‌ಗಳ ಮುಂದಿನ ಬಾಗಿಲು ನಮ್ಮ ಅಭ್ಯಾಸಕ್ಕೆ ತಿರುಗಾಮುರುಗಾ. ತಿರುಗಣಿ ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ, ಹಿಡಿ ಮುಂಗಾಜಿನ ಹತ್ತಿರ. ನಿಂತ ಕಾರಿನಲ್ಲಿ ಆ ಹಿಡಿಯ ಜಾಗ ನೋಡಿದರೆ ಸಾಕು. ಪದ್ಮಿನಿಯ ಬಾಗಿಲು ಈಗಿನ ಕಾರಿನಂತೆಯೇ ತೆರೆಯುತ್ತದೆ.

ಹೊಸ ಕಾಲದ ವೇಗದ ಕಾರುಗಳಿಗೂ ಇದೇ ಮದ್ದು. ಮಣಿಪಾಲದ ಟೈಗರ್ ಸರ್ಕಲ್ ಬಳಿ ಸಂಜೆ ಅರ್ಧ ಗಂಟೆ ಚಾ ಕುಡಿಯುತ್ತ ನಿಂತರೆ ಜಿಟಿಐ ಎಂದು ಬರೆದ ಪೋಲೋ ಒಂದಾದರೂ ಹೋಗುತ್ತದೆ. ಜಿಟಿಐ ಅಂದರೆ ಪೋಲೋದ ವೇಗದ ಮಾದರಿ. ಫೋಕ್ಸ್‌ವ್ಯಾಗನ್ 2016ರಲ್ಲಿ ಭಾರತಕ್ಕೆಂದು ತರಿಸಿದ ಪೋಲೋ ಜಿಟಿಐ ಬರೀ 99. 1.8 ಲೀಟರ್ ಟರ್ಬೋ, 192 ಅಶ್ವಶಕ್ತಿ. ಎಲ್ಲಕ್ಕಿಂತ ಮುಖ್ಯ, ಹಿಂದಿನ ಸೀಟಿಗೆ ಬೇರೆ ಬಾಗಿಲೇ ಇಲ್ಲ. ನಾಲ್ಕು ಬಾಗಿಲಿನದು ಕಂಡರೆ ಅದು ಬರೀ ಫಲಕ ಅಂಟಿಸಿದ್ದು, ಹುಡುಗನ ಆಸೆಗೆ ಒಂದು ನಮಸ್ಕಾರ ಹಾಕಿ ಚಾ ಮುಂದುವರಿಸಿ.

ಎಡಗಡೆ ಸ್ಟಿಯರಿಂಗ್ ಇರುವ ದುಬೈ ನಂಬರಿನ ಗಾಡಿಗಳೂ ಒಮ್ಮೊಮ್ಮೆ ಕಾಣುತ್ತವೆ. ಕಾರ್ನೆಟ್ ಎಂಬ ಕಾಗದದ ಮೇಲೆ ಸುಂಕ ಕಟ್ಟದೆ ತಂದವು. ಆರು ತಿಂಗಳೊಳಗೆ ವಾಪಸ್ ಹೋಗಬೇಕು, ಕಂಡಾಗಲೇ ನೋಡಿಕೊಳ್ಳಿ. ಫೋಟೋ ತೆಗೆಯುವ ಮೊದಲು ಮಾತ್ರ ಯಜಮಾನರನ್ನು ಕೇಳಿ.

ನಮ್ಮ ಕರಾವಳಿಯಲ್ಲಿ ಹಳೆಯ ಕಾರು ಉಳಿಯುವುದೇ ದೊಡ್ಡದು. ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಬಾಗಿಲಿನ ಕೆಳಅಂಚು, ಕಾಲಡಿಯ ತಗಡು ಮೊದಲು ಹೋಗುತ್ತವೆ. ಪೇಂಟು ತೀರಾ ಫಳಫಳ ಹೊಳೆದರೆ ನಾನು ಜೇಬಿನಿಂದ ಒಂದು ಅಯಸ್ಕಾಂತ ತೆಗೆಯುತ್ತೇನೆ, ಕೇಳಿಯೇ ಮತ್ತೆ. ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅದು ಅಂಟುವುದಿಲ್ಲ.

ಪೊರ್ಬುಗಳ ಲ್ಯಾಂಡ್‌ಮಾಸ್ಟರಿಗೆ ಅಯಸ್ಕಾಂತ ಎಲ್ಲ ಕಡೆಯೂ ಅಂಟಿತು. ಮಳೆ ಬಿಟ್ಟ ಮೇಲೆ ಒಮ್ಮೆ ಸ್ಟಾರ್ಟ್ ಮಾಡುತ್ತೇನೆ, ಬಾ ಎಂದಿದ್ದಾರೆ. ಅದರ ಸದ್ದು ನಾನಿನ್ನೂ ಕೇಳಿಲ್ಲ.