ಕುಡಿತ ಬಿಟ್ಟ ಮೇಲಿನ ದಿನಗಳು

ಕೇಳುಗರಿಗೆ ನಮಸ್ಕಾರ. ಮದ್ಯಪಾನದಿಂದ ಲಿವರ್ ಹಾಳಾಗುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಅದು ಕಲಿಯುವ ಶಕ್ತಿಯನ್ನು ಹೇಗೆ ಕುಗ್ಗಿಸುತ್ತದೆ, ಕುಡಿತ ಬಿಟ್ಟವರು ಕೆಲವು ವಾರಗಳ ಕಾಲ ಬೇರೆಯೇ ವ್ಯಕ್ತಿಯಂತೆ ಏಕೆ ವರ್ತಿಸುತ್ತಾರೆ ಎಂಬ ಮಾತು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಇದು ತಿಳಿಯದಿರುವುದರಿಂದಲೇ, ಬಿಡಬೇಕೆಂದು ಮನಸ್ಸು ಮಾಡಿದವರನ್ನು ಮನೆಯವರೇ ಅರಿಯದೆ ಮತ್ತೆ ಕುಡಿತದ ಕಡೆಗೆ ನೂಕುವ ಸಂದರ್ಭಗಳು ಒದಗುತ್ತವೆ.

ನಮ್ಮ ಮೆದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಮತ್ತು ಅವುಗಳನ್ನು ಚುರುಕುಗೊಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕಗಳಿವೆ. ಮದ್ಯವು ಮೊದಲನೆಯದರ ಪ್ರಭಾವವನ್ನು ಹೆಚ್ಚಿಸಿ ಎರಡನೆಯದರ ಕೆಲಸವನ್ನು ತಡೆಯುತ್ತದೆ. ಹೊಸ ಸಂಗತಿಗಳನ್ನು ನೆನಪಾಗಿ ಉಳಿಸುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಗ್ಲುಟಮೇಟ್ ಬೇಕೇ ಬೇಕು. ಆದ್ದರಿಂದ ಅಲ್ಪ ಸಮಯದಲ್ಲಿ ವಿಪರೀತ ಕುಡಿದವರು ಮಾತನಾಡುತ್ತ, ಓಡಾಡುತ್ತ ಇದ್ದರೂ ಆ ಹೊತ್ತಿನ ಘಟನೆಗಳು ಅವರ ಮೆದುಳಿನಲ್ಲಿ ದಾಖಲಾಗದೇ ಹೋಗಬಹುದು. ಮರುದಿನ "ನಾನು ಹಾಗೆ ಅಂದೇ ಇಲ್ಲ" ಎಂದು ಅವರು ವಾದಿಸಿದಾಗ ಅದು ಸುಳ್ಳೇ ಆಗಿರಬೇಕೆಂದಿಲ್ಲ. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ನಿಜ. ಆದರೆ ರಾತ್ರಿಯ ಉತ್ತರಾರ್ಧದ ನಿದ್ದೆ ಕದಡಿಹೋಗುವುದರಿಂದ, ಹಗಲಿನಲ್ಲಿ ಕಲಿತದ್ದು ಗಟ್ಟಿಯಾಗಬೇಕಾದ ಅವಕಾಶವೂ ತಪ್ಪುತ್ತದೆ. ಸುಮಾರು ಇಪ್ಪತ್ತೈದರ ವಯಸ್ಸಿನವರೆಗೂ ಮೆದುಳು ಬೆಳೆಯುತ್ತಲೇ ಇರುವುದರಿಂದ ಹರೆಯದವರಿಗೆ ಈ ನಷ್ಟ ಇನ್ನೂ ದೊಡ್ಡದು.

ವರ್ಷಗಟ್ಟಲೆ ಕುಡಿಯುವವರ ಮೆದುಳು ಮದ್ಯವಿದೆ ಎಂದುಕೊಂಡೇ ತನ್ನ ಕೆಲಸವನ್ನು ಹೊಂದಿಸಿಕೊಳ್ಳುತ್ತದೆ: ಶಾಂತಗೊಳಿಸುವ ವ್ಯವಸ್ಥೆಯನ್ನು ತಗ್ಗಿಸಿ, ಕೆರಳಿಸುವ ವ್ಯವಸ್ಥೆಯನ್ನು ಏರಿಸಿಕೊಳ್ಳುತ್ತದೆ. ಒಮ್ಮೆಲೇ ಕುಡಿತ ನಿಂತರೆ ಉಳಿಯುವುದು ಆ ಕೆರಳಿಕೆ ಮಾತ್ರ. ಕೊನೆಯ ಬಾರಿ ಕುಡಿದ ಸುಮಾರು 6 ತಾಸುಗಳ ನಂತರ ಬೆವರು, ಎದೆಬಡಿತ, ಕಳವಳ ಆರಂಭವಾಗಬಹುದು. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಬಾಯಿಗೆ ತಲುಪುವಷ್ಟರಲ್ಲಿ ನೀರು ತುಳುಕುವಂತೆ ಕೈ ನಡುಗಬಹುದು. ಮೊದಲ 48 ತಾಸುಗಳೊಳಗೆ ಫಿಟ್ಸ್ ಬರುವ ಅಪಾಯವಿದೆ. ಕೆಲವರಿಗೆ ಎರಡರಿಂದ ನಾಲ್ಕು ದಿನಗಳ ನಡುವೆ, ಇಲ್ಲದ್ದನ್ನು ಕಾಣುವ, ತಾವೆಲ್ಲಿದ್ದೇವೆಂದು ತಿಳಿಯದ ಸನ್ನಿಯ ಸ್ಥಿತಿ ಬರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಅದು ಪ್ರಾಣಕ್ಕೇ ಎರವಾಗಬಹುದು. ಹೀಗಾಗಿ, ದಿನವೂ ಹೆಚ್ಚು ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಪ್ರಯತ್ನವನ್ನು ನಾನು ಸರ್ವಥಾ ಒಪ್ಪಲಾರೆ. ಬಿಡುವುದು, ಮತ್ತೆ ಹಿಡಿಯುವುದು ಹಲವು ಬಾರಿ ನಡೆದರೆ ಈ ಲಕ್ಷಣಗಳು ಸಲದಿಂದ ಸಲಕ್ಕೆ ಉಗ್ರವಾಗುವ ಸಂಭವವೂ ಇದೆ.

ಇದರ ಜೊತೆಗೆ ವಿಟಮಿನ್ ಬಿ1, ಅಂದರೆ ಥಯಮಿನ್ ಕೊರತೆಯೂ ಸೇರಿಕೊಳ್ಳುತ್ತದೆ. ಅದು ತೀವ್ರವಾದರೆ ನಡಿಗೆ ತಡವರಿಸುತ್ತದೆ, ಕಣ್ಣಿನ ಚಲನೆ ಕೆಡುತ್ತದೆ, ಗೊಂದಲ ಕವಿಯುತ್ತದೆ. ಸಕಾಲದಲ್ಲಿ ಥಯಮಿನ್ ಕೊಡದಿದ್ದರೆ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾಗದ ಸ್ಥಿತಿ ಶಾಶ್ವತವಾಗಿ ಉಳಿದುಬಿಡಬಹುದು.

ಅಪಾಯದ ದಿನಗಳು ಕಳೆದ ಮೇಲೂ ಸಿಡುಕು, ನಿದ್ರಾಹೀನತೆ, ಗಮನ ನಿಲ್ಲದಿರುವುದು ವಾರಗಟ್ಟಲೆ ಮುಂದುವರಿಯಬಹುದು. ಹೇಳಿದ ಮೂರು ಕೆಲಸಗಳಲ್ಲಿ ಒಂದನ್ನಷ್ಟೇ ಮಾಡಿ ಬಂದವರನ್ನು "ಕುಡಿಯುವಾಗಲೇ ಚೆನ್ನಾಗಿದ್ದೆ" ಎಂದು ಹಂಗಿಸುವುದು ಕ್ರೂರವಾದ ಮಾತು. ಆ ದಿನಗಳಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮಾತ್ರೆಯ ಹೊತ್ತನ್ನು ಚೀಟಿಯಲ್ಲಿ ಬರೆದುಕೊಡಿ, ದೊಡ್ಡ ನಿರ್ಧಾರಗಳನ್ನು ಮುಂದೂಡಿ. ಕುಡಿಯದೆ ತಿಂಗಳುಗಳು ಕಳೆದಂತೆ ಗಮನ, ನೆನಪು, ವಿವೇಚನೆ ಬಹುಮಂದಿಯಲ್ಲಿ ಗಣನೀಯವಾಗಿ ಸುಧಾರಿಸುತ್ತವೆ.

ಬಿಡುವ ಮನಸ್ಸು ಮಾಡಿದವರು ನಿಲ್ಲಿಸುವ ಮೊದಲೇ ವೈದ್ಯರನ್ನು ಕಾಣಬೇಕು. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಬಾರಿ ಯಾವಾಗ ಕುಡಿದರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಆಸ್ಪತ್ರೆಗೆ ಸೇರಿಸಿಕೊಳ್ಳಬೇಕೇ, ಮನೆಯಲ್ಲೇ ಔಷಧ ಸಾಕೇ ಎಂಬುದನ್ನು ವೈದ್ಯರು ನಿರ್ಧರಿಸುವುದು ಬಹುಮಟ್ಟಿಗೆ ಈ ಉತ್ತರಗಳ ಮೇಲೆಯೇ.