ಏಳು ಸುತ್ತಿನ ಕೋಟೆಯಲ್ಲಿ ಫೈಟರ್ ಮತ್ತು ವಿಝರ್ಡ್

ಗೆಳೆಯರೇ, ದಾಳ ಉರುಳಿಸುತ್ತಾ ಒಂದೊಂದು ಪಾತ್ರವಾಗಿ ಕಥೆ ಆಡುವ ಆಟ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುವ ಟೇಬಲ್‌ಗಳಲ್ಲಿ ಐದನೇ ಲೆವೆಲ್ ಬಂದ ಕೂಡಲೇ ಒಂದು ದೂರು ಏಳುತ್ತದೆ: ವಿಝರ್ಡ್ (ಮಂತ್ರವಾದಿ) ಒಂದು ಫೈರ್‌ಬಾಲ್ (ಬೆಂಕಿಯುಂಡೆಯ ಮಂತ್ರ) ಎಸೆದರೆ ಕಾಳಗವೇ ಮುಗಿಯಿತು, ಇನ್ನು ಕತ್ತಿ ಹಿಡಿದ ಫೈಟರ್‌ಗೇನು ಕೆಲಸ? ಆಗ ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಫೈರ್‌ಬಾಲ್‌ನ ದಾಳ ಕಡಿಮೆ ಮಾಡುತ್ತಾರೆ, ಇಲ್ಲವೇ ಫೈಟರ್ ಕೈಗೆ ಮಾಂತ್ರಿಕ ಕತ್ತಿ ಕೊಡುತ್ತಾರೆ. ಎರಡೂ ಬೇಡ. ಕತ್ತಿ ಕೊಟ್ಟರೆ ರಾಕ್ಷಸರ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲರೆಂಬ ಅಂಕ) ಏರಿಸಬೇಕಾಗುತ್ತದೆ, ಆಗ ಕಳ್ಳನ ಪಾತ್ರವಾದ ರೋಗ್ ಹಿಂದೆ ಬೀಳುತ್ತಾನೆ. ಕ್ಲಾಸ್ (ಫೈಟರ್, ವಿಝರ್ಡ್ ಎಂಬಂಥ ಪಾತ್ರದ ಬಗೆ) ಮುಟ್ಟುವ ಮೊದಲು, ಒಂದು ಲಾಂಗ್ ರೆಸ್ಟ್‌ನಿಂದ (ಖರ್ಚಾದ ಮಂತ್ರ ಮರಳುವ ಎಂಟು ಗಂಟೆಯ ವಿಶ್ರಾಂತಿ) ಇನ್ನೊಂದರವರೆಗೆ ಎಷ್ಟು ಕಾಳಗ ಇಟ್ಟಿದ್ದೀರಿ ಎಂದು ಎಣಿಸಿ.

ಹಳೆಯ ಆವೃತ್ತಿಗಳಲ್ಲಿ ಮಂತ್ರವಾದಿಗೆ ನಾಲ್ಕು ಮುಖದ ಹಿಟ್ ಡೈ (ಹಿಟ್ ಪಾಯಿಂಟ್ ನಿರ್ಧರಿಸುವ ದಾಳ), ಮೊದಲ ಲೆವೆಲ್‌ನಲ್ಲಿ ದಿನಕ್ಕೊಂದೇ ಮಂತ್ರ. 2008ರ ನಾಲ್ಕನೇ ಆವೃತ್ತಿ ಎಲ್ಲ ಕ್ಲಾಸ್‌ಗೂ ಒಂದೇ ಚೌಕಟ್ಟು ಕೊಟ್ಟಿತು. 2014ರ ನಿಯಮಗಳಲ್ಲಿ ಸಮತೋಲ ಅಡಗಿರುವುದು ದಿನದ ಲೆಕ್ಕದಲ್ಲಿ: ಆರರಿಂದ ಎಂಟು ಸಾಧಾರಣ ಅಥವಾ ಕಠಿಣ ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ).

ಲೆಕ್ಕ ಹಾಕೋಣ. ಐದನೇ ಲೆವೆಲ್, ಇಬ್ಬರ ಮುಖ್ಯ ಸಾಮರ್ಥ್ಯವೂ 18, ಎದುರಾಳಿಯ ಎಸಿ (ಹೊಡೆತ ತಗುಲಲು ಮುಟ್ಟಬೇಕಾದ ಅಂಕ) 15. ಫೈಟರ್‌ನ ಗ್ರೇಟ್‌ಸ್ವೋರ್ಡ್ (ಎರಡು ಕೈಯ ಕತ್ತಿ) ಪೆಟ್ಟು ಸರಾಸರಿ 11. ಕಾಳಗದ ಒಂದು ಸುತ್ತಿನಲ್ಲಿ ಎರಡು ಹೊಡೆತ, ನೂರಕ್ಕೆ 65 ತಗುಲುತ್ತವೆ. ಅಂದರೆ ಸುತ್ತೊಂದಕ್ಕೆ ಸುಮಾರು 14. ಫೈರ್‌ಬಾಲ್ 8ಡಿ6 (ಆರು ಮುಖದ ಎಂಟು ದಾಳ), ಸರಾಸರಿ 28. ನೂರಕ್ಕೆ 60 ಮಂದಿ ಸೇವ್ (ಪಾರಾಗಲು ಉರುಳಿಸುವ ದಾಳ; ಇಲ್ಲಿ ಗೆದ್ದವರಿಗೆ ಅರ್ಧ ಪೆಟ್ಟು) ತಪ್ಪಿದರೆ ತಲೆಗೆ 22 ಬೀಳುತ್ತದೆ, ಮೂವರಿಗೆ ತಗುಲಿದರೆ 67. ದಿನಕ್ಕೆ ನಾಲ್ಕು ಸುತ್ತಿನ ಒಂದೇ ಕಾಳಗವಿದ್ದರೆ, ದಿನದ ಪಾಲಿನ ಎರಡು ಫೈರ್‌ಬಾಲ್ ಮತ್ತು ಎರಡು ಫೈರ್ ಬೋಲ್ಟ್ (ಎಷ್ಟು ಸಲವಾದರೂ ಹಾಕಬಹುದಾದ ಕಿರುಮಂತ್ರ) ಸೇರಿ ವಿಝರ್ಡ್ 149. ಪ್ರತಿ ರೆಸ್ಟ್‌ಗೊಮ್ಮೆ ಮತ್ತೊಂದು ಸಲ ಹೊಡೆಯಲು ಬಿಡುವ ಆಕ್ಷನ್ ಸರ್ಜ್ ಬಳಸಿಯೂ ಫೈಟರ್ 72. ಅದೇ ಆರು ಕಾಳಗವಾದರೆ ಫೈಟರ್ ಸುಮಾರು 385. ಶಾರ್ಟ್ ರೆಸ್ಟ್‌ನಲ್ಲಿ ಕೊಂಚ ಮಂತ್ರ ಮರಳಿಸುವ ಆರ್ಕೇನ್ ರಿಕವರಿಯಿಂದ ಮೂರನೇ ಫೈರ್‌ಬಾಲ್ ಸಿಕ್ಕರೂ, ಸಣ್ಣ ಮಂತ್ರಗಳನ್ನು ಶೀಲ್ಡ್‌ನಂಥ ರಕ್ಷಣೆಗೆ ಉಳಿಸಿಕೊಂಡ ವಿಝರ್ಡ್ ಸುಮಾರು 350. ಒಂದು ದಾಳವನ್ನೂ ಬದಲಿಸದೆ ತಕ್ಕಡಿ ಸರಿಹೋಯಿತು.

ಭಾನುವಾರ ಸಂಜೆ ಮೂರು ಗಂಟೆ ಆಡಿದರೆ ಎರಡು ಕಾಳಗ ಮುಗಿದರೆ ಹೆಚ್ಚು, ನಿಜ. ಆದರೆ ನಾವು ಮನೆಗೆ ಹೋದೆವೆಂದು ಪಾತ್ರಗಳು ಮಲಗಿದವು ಎಂದಲ್ಲ. ಉಳಿದ ಮಂತ್ರ, ಹಿಟ್ ಪಾಯಿಂಟ್ ಬರೆದಿಟ್ಟು, ಮುಂದಿನ ವಾರ ಅಲ್ಲಿಂದಲೇ ಶುರು ಮಾಡಿ. ಕಥೆ ನಿಧಾನವಾಗಿ ಸಾಗುವುದಾದರೆ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ (ಡಿಎಂಗಳ ನಿಯಮಪುಸ್ತಕ) ಪರ್ಯಾಯ ನಿಯಮವಿದೆ: ಶಾರ್ಟ್ ರೆಸ್ಟ್‌ಗೆ ಎಂಟು ಗಂಟೆ, ಲಾಂಗ್ ರೆಸ್ಟ್‌ಗೆ ಏಳು ದಿನ.

ನಕ್ಷೆ ಬೇಕೆಂದರೆ ದೂರ ಹೋಗಬೇಕಿಲ್ಲ. ಇಲ್ಲಿ ದಾವಣಗೆರೆಯಲ್ಲಿ ಕೂತವರಿಗೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಯೇ ಸಾಕು. ಸುತ್ತಿಗೊಂದು ಕಾವಲು ಇಡಿ. ಎರಡನೆಯ ಮತ್ತು ಐದನೆಯ ಸುತ್ತಿನ ಬಳಿಕ ಗಂಟೆ ಹೊತ್ತು ಕೂರಲು ಮರೆ ಕೊಡಿ. ಒಳಗೇ ಎಂಟು ಗಂಟೆ ಮಲಗಲು ಹೊರಟರೆ ನಗಾರಿ ಮೊಳಗಲಿ, ಮುಂದಿನ ಬಾಗಿಲ ಕಾವಲು ಇಮ್ಮಡಿಯಾಗಲಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ ಓಬವ್ವನ ಕಿಂಡಿಯಂಥ ಜಾಗದಲ್ಲಿ ಫೈರ್‌ಬಾಲ್ ಮೂವರ ಬದಲು ಒಬ್ಬನಿಗೆ ತಗುಲಿ 67 ಹೋಗಿ 22 ಆಗುತ್ತದೆ. ತನ್ನವರನ್ನು ಬಿಟ್ಟು ಮಂತ್ರ ಹಾಕುವ ಎವೊಕೇಶನ್ ವಿದ್ಯೆ ಕಲಿತವನಲ್ಲದಿದ್ದರೆ ಕಿಂಡಿಯ ಬಾಯಲ್ಲಿ ನಿಂತ ನಮ್ಮ ಫೈಟರ್‌ನನ್ನೂ ಸುಡುತ್ತದೆ. ಹಾಗೆಂದು ಎಲ್ಲ ಕಾಳಗವನ್ನೂ ಕಿಂಡಿಗೆ ತುರುಕುವುದು ವಿಝರ್ಡ್‌ಗೆ ಅನ್ಯಾಯ. ಹತ್ತು ಮಂದಿ ಗುಂಪಾಗಿ ನುಗ್ಗುವ ಬಯಲೊಂದು ಇರಲೇಬೇಕು.

ಕಾಳಗದಾಚೆಯ ಅಸಮತೋಲವೇ, ಅಂದರೆ ಉಳಿದವರ ಕೆಲಸವನ್ನೂ ಮಂತ್ರವೇ ಮಾಡಿಬಿಡುವುದೇ, ನನ್ನ ದೃಷ್ಟಿಯಲ್ಲಿ ಹೆಚ್ಚು ಕಾಡುವಂಥದ್ದು. ಅದಕ್ಕೆ ಮದ್ದು ಮಂತ್ರದ ವಿವರಣೆಯಲ್ಲೇ ಇದೆ, ಪೂರ್ತಿ ಓದಬೇಕಷ್ಟೆ. ನಾಕ್ ಮಂತ್ರ ಬೀಗ ತೆಗೆಯುತ್ತದೆ, ಆದರೆ ಅದರ ಸದ್ದು 300 ಅಡಿ ದೂರಕ್ಕೆ ಕೇಳುತ್ತದೆ. ಸದ್ದಿಲ್ಲದೆ ತೆರೆಯಲು ರೋಗ್ ಬೇಕೇ ಬೇಕು. ಮೂರನೇ ಮಟ್ಟದ ಫ್ಲೈ ಒಬ್ಬರನ್ನು ಹತ್ತು ನಿಮಿಷ ಹಾರಿಸುತ್ತದೆ. ಉಳಿದವರು ಗೋಡೆಯ ಕೆಳಗೇ. ಹಾರುವ ವಿಝರ್ಡ್‌ಗೆ ಬುರುಜಿನಿಂದ ಬಾಣ ತಗುಲಿದರೆ ಏಕಾಗ್ರತೆ ಉಳಿಸಿಕೊಳ್ಳಲು ಡಿಸಿ 10ರ (ಕನಿಷ್ಠ 10 ಬರಬೇಕಾದ) ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) ಸೇವ್. ತಪ್ಪಿದರೆ ಮಂತ್ರ ಕಡಿದು ಕೆಳಗೆ ಬೀಳುತ್ತಾನೆ, ಪ್ರತಿ ಹತ್ತು ಅಡಿಗೆ 1ಡಿ6 ಪೆಟ್ಟು. ಅರವತ್ತು ಅಡಿಯಿಂದ ಬಿದ್ದರೆ ಸರಾಸರಿ 21, ಐದನೇ ಲೆವೆಲ್ ವಿಝರ್ಡ್‌ನ ಹಿಟ್ ಪಾಯಿಂಟ್‌ನಲ್ಲಿ ಬಹುಪಾಲು. ಡಿಎಂ ಈ ಸೇವ್ ಕೇಳುವುದನ್ನು ಮರೆಯಬಾರದು.