ಪೆಟ್ಟಾದ ಮೇಲೆ ಸೈಕಲ್ ಸವಾರನ ಕಸರತ್ತು

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಹಿಡಿದ ಮೇಲೆ ನಮ್ಮ ಕಡೆಯ ರಸ್ತೆಗಳಲ್ಲಿ ಮರದ ನೆರಳು ಬಿದ್ದಲ್ಲೆಲ್ಲ ಪಾಚಿ ಕಟ್ಟುತ್ತದೆ. ಮಂಡಗದ್ದೆಯಿಂದ ತೀರ್ಥಹಳ್ಳಿಯತ್ತ ಹೋಗುವಾಗ ಯಾವುದೋ ತಿರುವಿನಲ್ಲಿ ಸೈಕಲ್ಲಿನ ಟಯರು ಜಾರಿತೆಂದರೆ, ಸವಾರ ಕೈಯೂರಿಯೋ ಭುಜ ಕೊಟ್ಟೋ ಬೀಳುತ್ತಾನೆ. ಸೈಕಲ್ ಸವಾರರಲ್ಲಿ ಕಾಲರ್ ಬೋನ್ ಮತ್ತು ಮಣಿಕಟ್ಟು ಮೇಲಿಂದ ಮೇಲೆ ಮುರಿಯುವುದಕ್ಕೆ ಇದೇ ಕಾರಣ. ಬಿದ್ದವರನ್ನು ಮನೆಯವರು ಅಕ್ಕರೆಯಿಂದ ಮಲಗಿಸಿ, ಎದ್ದು ಓಡಾಡಬೇಡ ಎಂದು ಕಟ್ಟಪ್ಪಣೆ ಮಾಡುತ್ತಾರೆ. ಮುರಿದ ಮೂಳೆಗೆ ವಿಶ್ರಾಂತಿ ಬೇಕೆಂಬುದು ನಿಜ, ಆದರೆ ಅದರ ಜೊತೆಗೆ ಹೃದಯ, ಶ್ವಾಸಕೋಶ ಮತ್ತು ತೊಡೆಗಳನ್ನೂ ಮಲಗಿಸಿಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 20 ವರ್ಷ ವಯಸ್ಸಿನ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಿದಾಗ, ಅವರ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಸುಮಾರು ಕಾಲು ಭಾಗದಷ್ಟು ಕುಸಿದಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಲಾಯಿತು. ಆ ಮೂರು ವಾರಗಳ ಮಲಗುವಿಕೆ ಮಾಡಿದಷ್ಟು ಹಾನಿಯನ್ನು ಮೂವತ್ತು ವರ್ಷಗಳ ವಯಸ್ಸು ಕೂಡ ಮಾಡಿರಲಿಲ್ಲ.

ಕಾಲರ್ ಬೋನ್ ಕೂಡಿಕೊಳ್ಳಲು ವಯಸ್ಕರಿಗೆ ಸಾಮಾನ್ಯವಾಗಿ 6ರಿಂದ 12 ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ಕಾಲುಗಳಿಗೆ ಯಾವ ಕಟ್ಟೂ ಇರುವುದಿಲ್ಲ. ಮೊದಲ ದಿನಗಳ ನೋವು ಇಳಿದು ವೈದ್ಯರು ಒಪ್ಪಿದ ಮೇಲೆ, ಕೈಯನ್ನು ಜೋಳಿಗೆಯಲ್ಲಿಯೇ ಇಟ್ಟುಕೊಂಡು ನಡೆಯಬಹುದು. ಮುಂದೆ, ಟ್ರೈನರ್ ಎಂಬ ಚೌಕಟ್ಟಿಗೆ ಸೈಕಲ್ಲಿನ ಹಿಂಬದಿಯನ್ನು ಬಿಗಿದು ಜಗಲಿಯಲ್ಲಿಯೇ ಪೆಡಲ್ ತುಳಿಯಬಹುದು. ಹತ್ತಿ ಇಳಿಯುವಾಗ ಮನೆಯವರೊಬ್ಬರು ಹಿಡಿದುಕೊಂಡಿರಲಿ, ಬೆನ್ನು ನೇರವಾಗಿರಲಿ, ಪೆಟ್ಟಾದ ಕೈಯ ಮೇಲೆ ಭಾರ ಬೀಳದಿರಲಿ. ತುಳಿಯುತ್ತಲೇ ಪೂರ್ತಿ ವಾಕ್ಯ ಮಾತನಾಡುವಷ್ಟು ಉಸಿರು ಉಳಿದಿದ್ದರೆ ಆರಂಭಕ್ಕೆ ಅಷ್ಟೇ ಸಾಕು. ಆಷಾಢದ ತೇವದಲ್ಲಿ, ಗಾಳಿಯಾಡದ ಕಡೆ ಕುಳಿತು ತುಳಿದರೆ ಬೆವರು ಆರುವುದೇ ಇಲ್ಲ. ಎದುರಿಗೆ ಒಂದು ಫ್ಯಾನು ಇಟ್ಟುಕೊಳ್ಳಿ, ಒದ್ದೆಯಾದ ಜೋಳಿಗೆಯನ್ನು ಬದಲಿಸಿ. ಇಲ್ಲವಾದರೆ ಕಂಕುಳಿನ ಚರ್ಮ ಕೆಂಪೇರಿ ಹುಣ್ಣಾಗುವ ಕಾಟವೂ ಸೇರಿಕೊಳ್ಳುತ್ತದೆ.

ಮೊಣಕಾಲಿಗೆ ಪೆಟ್ಟಾದವರ ದಾರಿ ಬೇರೆ. ಪೆಡಲನ್ನು ಒಂದು ಪೂರ್ತಿ ಸುತ್ತು ತಿರುಗಿಸಲು ಮೊಣಕಾಲು ಸುಮಾರು 110 ಡಿಗ್ರಿಯಷ್ಟು ಮಡಚಬೇಕಾಗುತ್ತದೆ. ಅಲ್ಲಿಯವರೆಗೆ, ಕಾಲು ಚಾಚಿ ಕುಳಿತು ಮಂಡಿಯ ಅಡಿಯಲ್ಲಿ ಸುತ್ತಿದ ಟವೆಲ್ಲನ್ನಿಟ್ಟು, ಅದನ್ನು ಕೆಳಕ್ಕೆ ಒತ್ತಿ ಐದಾರು ಸೆಕೆಂಡು ಹಿಡಿದು ಬಿಡುವ ಅಭ್ಯಾಸವೇ ತೊಡೆಯ ಸ್ನಾಯುವನ್ನು ಎಚ್ಚರವಾಗಿಡುತ್ತದೆ. ಮುಂದೆ ಸೀಟನ್ನು ತುಸು ಎತ್ತರಿಸಿ, ಭಾರವಿಲ್ಲದೆ ಪೆಡಲನ್ನು ಅರ್ಧ ಸುತ್ತು ಮುಂದಕ್ಕೆ, ಅರ್ಧ ಸುತ್ತು ಹಿಂದಕ್ಕೆ ಆಡಿಸುತ್ತಿದ್ದರೆ ಒಂದು ದಿನ ಸುತ್ತು ತಾನಾಗಿಯೇ ಪೂರ್ತಿಯಾಗುತ್ತದೆ. ಈ ನಡುವೆ ಗಟ್ಟಿಯಿರುವ ಕಾಲನ್ನು ದುಡಿಸುವುದು ವ್ಯರ್ಥವಲ್ಲ. ಒಂದು ಬದಿಯ ಅಂಗಕ್ಕೆ ಅಭ್ಯಾಸ ಕೊಟ್ಟರೆ ಇನ್ನೊಂದು ಬದಿಯ ಬಲವೂ ಸ್ವಲ್ಪ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ 1894ರಷ್ಟು ಹಿಂದೆಯೇ ಗುರುತಿಸಿದ್ದರು.

ಊಟದ ವಿಷಯದಲ್ಲಿ ಹಿರಿಯರ ಮಾತನ್ನು ಇಲ್ಲಿ ಕೊಂಚ ಮೀರಬೇಕಾಗುತ್ತದೆ. ನಂಜಾಗುತ್ತದೆಂದು ಮೀನು, ಮೊಟ್ಟೆಗಳನ್ನು ಬಿಡಿಸಿ ಬರೀ ಗಂಜಿ, ತಿಳಿಸಾರು ಬಡಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಮೂಳೆ, ಸ್ನಾಯು ಕಟ್ಟಿಕೊಳ್ಳುವ ಕಾಲದಲ್ಲಿಯೇ ಪ್ರೋಟೀನು ಹೆಚ್ಚು ಬೇಕು. ಮಾಂಸಾಹಾರ ಒಲ್ಲದವರು ಹುರುಳಿ ಕಟ್ಟಿನ ಸಾರಿಗಷ್ಟೇ ನಿಲ್ಲದೆ ಕಾಳನ್ನೂ ತಿನ್ನಲಿ. ಮೊಳಕೆ ಹೆಸರುಕಾಳು, ಹಾಲು, ಮೊಸರು ದಿನವೂ ಇರಲಿ. ಬೀಡಿ, ಸಿಗರೇಟು ಸೇದುವವರ ಮೂಳೆ ನಿಧಾನವಾಗಿ ಕೂಡುತ್ತದೆ ಎಂಬುದರಲ್ಲಿ ವೈದ್ಯರಿಗೆ ಎರಡು ಮಾತಿಲ್ಲ.

ನಿಜವಾದ ಅಪಾಯವಿರುವುದು ರಸ್ತೆಗೆ ಮರಳುವ ಗಳಿಗೆಯಲ್ಲಿ. ಹೀಗೆ ಅಭ್ಯಾಸ ಬಿಡದವರಿಗೆ ದಮ್ಮು ಬೇಗ ಮರಳುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳು ತಡವಾಗಿ ಗಟ್ಟಿಯಾಗುತ್ತವೆ. ಏರು ಹತ್ತಿದೆನಲ್ಲ, ಇನ್ನೇನು ಎಂದುಕೊಳ್ಳುವುದು ಮಲೆನಾಡಿನಲ್ಲಿ ಮೋಸದ ಲೆಕ್ಕ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಪರೀಕ್ಷೆಗೊಳಗಾಗುವುದು ಎದೆ ಮತ್ತು ತೊಡೆ; ಸೋಮೇಶ್ವರದ ಕಡೆಗೆ ಇಳಿಯುವಾಗಲಾದರೋ ಮೈಯ ಭಾರವೆಲ್ಲ ಮುಂದಕ್ಕೆ ಬಂದು ಅಂಗೈ, ಮಣಿಕಟ್ಟು, ಭುಜಗಳ ಮೇಲೆ ಕೂರುತ್ತದೆ. ನಮ್ಮಲ್ಲಿ ಬಹುತೇಕ ಸೈಕಲ್ಲುಗಳ ಮುಂದಿನ ಬ್ರೇಕು ಬಲಗೈಗೆ ಇರುವುದರಿಂದ, ಬಲ ಮಣಿಕಟ್ಟಿಗೆ ಪೆಟ್ಟಾದವರಿಗೆ ಇಳಿಜಾರು ಇನ್ನೂ ಕಠಿಣ. ಆದ್ದರಿಂದ ಕೈ, ಭುಜಕ್ಕೆ ಪೆಟ್ಟಾದವರು ತಮ್ಮ ಸಿದ್ಧತೆಯನ್ನು ಏರಿನಿಂದಲ್ಲ, ಇಳುಕಲಿನಿಂದ ಅಳೆಯಬೇಕು. ಗೋಡೆಗೆ ಎರಡೂ ಅಂಗೈ ಊರಿ ದಂಡ ಹೊಡೆದಾಗ ನೋವಿಲ್ಲವೇ, ನಿಂತ ಸೈಕಲ್ಲಿನ ಬ್ರೇಕನ್ನು ಬಿಗಿಯಾಗಿ ಹಿಡಿದಾಗ ಕೈ ನಡುಗುವುದಿಲ್ಲವೇ ಎಂದು ಮೊದಲು ಮನೆಯಲ್ಲಿಯೇ ನೋಡಿಕೊಳ್ಳಲಿ. ಶಿವಮೊಗ್ಗದಿಂದ ಹೊರಡುವವರು ಮೊದಲ ಕೆಲವು ವಾರ ಆಗುಂಬೆಯ ಗೊಡವೆಗೆ ಹೋಗದೆ ಹೊನ್ನಾಳಿಯ ಕಡೆಗೆ ಮುಖ ಮಾಡುವುದು ಲೇಸು. ಅತ್ತ ಗದ್ದೆ ಬಯಲಿನ ನಡುವೆ ರಸ್ತೆ ಬಹುಮಟ್ಟಿಗೆ ಸಪಾಟಾಗಿದೆ.

ಸವಾರಿಯ ಮರುದಿನ ಬೆಳಿಗ್ಗೆ ನೋವು, ಊತ ಮೊದಲಿಗಿಂತ ಹೆಚ್ಚಿದ್ದರೆ ಹಿಂದಿನ ವಾರದ ದೂರಕ್ಕೆ ಮರಳಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಬಿದ್ದಾಗ ತಲೆಯ ಪೆಟ್ಟನ್ನು ತಾನು ತಿಂದ ಹೆಲ್ಮೆಟ್ಟು ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒಳಗಿನ ಥರ್ಮೊಕೋಲ್ ಪದರ ಕುಗ್ಗಿರುತ್ತದೆ. ರಸ್ತೆಗಿಳಿಯುವ ಮುನ್ನ ಹೊಸದನ್ನೇ ಕೊಳ್ಳಿ. ನಮಸ್ಕಾರ.